ಇಳಿಯುತ್ತಾ ಹೋದರೆ ಅಘನಾಶಿನಿ

ಬೆಟ್ಟ ಹತ್ತುವವರಿಗೆ ತುದಿ ಕಣ್ಣೆದುರೇ ಇರುತ್ತದೆ. ಎಷ್ಟು ಹತ್ತಿದ್ದಾಯಿತು, ಇನ್ನೆಷ್ಟು ಬಾಕಿ ಅನ್ನುವ ಲೆಕ್ಕ ಸಿಗುತ್ತದೆ. ಕೊಳ್ಳದ ನಡಿಗೆಯಲ್ಲಿ ಅಂಥ ಲೆಕ್ಕವೇ ಇಲ್ಲ. ಇಲ್ಲಿ ಮೊದಲು ಇಳಿಯಬೇಕು. ಹೋಗಿ ಸೇರಬೇಕಾದ ಹೊಳೆ ಮರಗಳ ಅಡಿಯಲ್ಲಿ ಎಲ್ಲೋ ಇರುತ್ತದೆ, ಕಿವಿಗೆ ಮಾತ್ರ ಸಿಗುತ್ತದೆ. ಒಂದು ತಿರುವಿನಲ್ಲಿ ಇನ್ನೇನು ಬಂದೇಬಿಟ್ಟಿತು ಅನಿಸುತ್ತದೆ. ಮುಂದಿನ ತಿರುವಿನಲ್ಲಿ ಸದ್ದೇ ಇರುವುದಿಲ್ಲ. ಕಷ್ಟದ ಏರು ದಿನದ ಕೊನೆಗೆ ಉಳಿದಿರುವುದರಿಂದ ಇಳಿಯುವಾಗಲೇ ಮೈಯಲ್ಲಿ ಒಂದಿಷ್ಟು ಕಸುವು ಉಳಿಸಿಕೊಳ್ಳಬೇಕು. ಹಾಗಾಗಿ ಅವಸರ ತಾನಾಗಿಯೇ ಕಡಿಮೆಯಾಗುತ್ತದೆ. ಕಾಡು ಕಾಣಿಸಿಕೊಳ್ಳುವುದು ಆಮೇಲೆಯೇ.

ನಾನು ಹೇಳುತ್ತಿರುವುದು ಉತ್ತರ ಕನ್ನಡದ ಅಘನಾಶಿನಿ ಕಣಿವೆಯ ಬಗ್ಗೆ. ಶಿರಸಿಯ ಶಂಕರಹೊಂಡದಲ್ಲಿ ಈ ಹೊಳೆಗೆ ಒಂದು ಮೂಲ, ಮಂಜುಗುಣಿ ಕಡೆ ಇನ್ನೊಂದು. ಎರಡೂ ಮುತ್ತಳ್ಳಿ ಹತ್ತಿರ ಸೇರಿ, ಘಟ್ಟ ಇಳಿದು, ತದಡಿ ಬಳಿ ಕಡಲು ಮುಟ್ಟುತ್ತವೆ. ಒಟ್ಟು ದಾರಿ 120 ಕಿಲೋಮೀಟರ್ ಆಸುಪಾಸು, ಅಷ್ಟೇ. ಅಷ್ಟು ಚಿಕ್ಕ ಹೊಳೆ. ಆದರೆ ಈ ದಾರಿಯುದ್ದಕ್ಕೂ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಪಕ್ಕದ ಶರಾವತಿಯನ್ನೂ ಕಾಳಿಯನ್ನೂ ನೋಡಿ ಬಂದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು.

ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆ ಹತ್ತಿರ ಹೊಳೆ 116 ಮೀಟರ್ ಕೆಳಕ್ಕೆ ಬೀಳುತ್ತದೆ. ಅದೇ ಉಂಚಳ್ಳಿ ಜಲಪಾತ. ಜಿಲ್ಲೆಯ ಕಲೆಕ್ಟರ್ ಆಗಿದ್ದ ಜೆ.ಡಿ. ಲೂಷಿಂಗ್ಟನ್ 1845ರಲ್ಲಿ ಇದನ್ನು ನೋಡಿದ ಅನ್ನುವ ಕಾರಣಕ್ಕೆ ಅವನ ಹೆಸರೂ ಇದಕ್ಕೆ ಅಂಟಿಕೊಂಡಿದೆ. ಊರವರು ಅವನಿಗಿಂತ ಎಷ್ಟೋ ಮೊದಲೇ ನೋಡಿದ್ದರು ಅನ್ನುವುದನ್ನು ಬೇರೆ ಹೇಳಬೇಕಿಲ್ಲ. ಅವರ ಬಾಯಲ್ಲಿ ಇದು ಕೆಪ್ಪ ಜೋಗ. ಬರುವವರಲ್ಲಿ ಹೆಚ್ಚಿನವರು ಮೆಟ್ಟಿಲು ಇಳಿದು, ಕಟ್ಟೆಯ ಮೇಲೆ ನಿಂತು ಜಲಪಾತ ನೋಡಿ ವಾಪಸ್ ಹೋಗುತ್ತಾರೆ. ಜಲಪಾತ ಚೆಂದವೇ. ಆದರೆ ನನ್ನನ್ನು ಮತ್ತೆ ಮತ್ತೆ ಎಳೆದು ತರುವುದು ಅದಲ್ಲ. ಅದರ ಎರಡೂ ಕಡೆ, ಹೊಳೆಯ ಜತೆಗೇ ಕೆಳಗಿಳಿಯುವ ಕಾಡು.

ಈ ಕಾಡನ್ನು ಎಲ್ಲರೂ ಹಳೇ ಕಾಡು ಅನ್ನುತ್ತಾರೆ. ಯಾವುದು ಹಳೆಯದು? ಕಲ್ಲು ತುಂಬಾ ಹಳೆಯದು. ಈ ಸೀಮೆಯ ತಳದ ಕಲ್ಲಿಗೆ 250 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಅದಕ್ಕೆ ಹೋಲಿಸಿದರೆ ಕಣಿವೆ ಎಳೆಯದು. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡಿತು. ಆಗ ಉಳಿದ ಅಂಚೇ ಕಾಲಕ್ರಮದಲ್ಲಿ ಸವೆದು, ಹಿಂದಕ್ಕೆ ಸರಿದು ಪಶ್ಚಿಮ ಘಟ್ಟದ ಗೋಡೆಯಾಯಿತು. ಮೇಲಿಂದ ಕಡಲಿಗೆ ಧುಮುಕುವ ಹೊಳೆಗಳು ಆ ಗೋಡೆಯನ್ನು ಕೊರೆಯುತ್ತಾ ಹಿಂದಕ್ಕೆ, ಒಳನಾಡಿನ ಕಡೆಗೆ ಬಂದವು. ಜಲಪಾತ ಅಂದರೆ ಆ ಕೊರೆತ ಈ ಹೊತ್ತಿಗೆ ಬಂದು ಮುಟ್ಟಿರುವ ಜಾಗ. ಅದು ಅಲ್ಲೇ ನಿಂತಿಲ್ಲ. ನಮ್ಮ ಕಣ್ಣಿಗೆ ಕಾಣದಷ್ಟು ನಿಧಾನಕ್ಕೆ ಹಿಂದೆ ಸರಿಯುತ್ತಲೇ ಇದೆ.

ಮರಗಳ ವಿಷಯ ಇನ್ನೂ ಬೇರೆ. ಒಂದೊಂದೇ ಮರವಾಗಿ ನೋಡಿದರೆ ಇಲ್ಲಿ ಅಂಥ ಮುದಿ ಮರಗಳು ಎಲ್ಲೆಡೆ ಇಲ್ಲ. ಎಷ್ಟೋ ಕಡೆ ತೊಡೆ ಗಾತ್ರದ ಮರಗಳೇ ಜಾಸ್ತಿ. ಹಾಗಾದರೆ ಹಳೆಯದು ಅನ್ನುವುದು ಯಾವುದಕ್ಕೆ? ನನಗೆ ಅರ್ಥವಾಗಿರುವ ಮಟ್ಟಿಗೆ, ಇಲ್ಲಿ ಹಳೆಯದು ನೆರಳು. ನೆರಳು ಎಂದೂ ಪೂರ್ತಿ ಕಡಿದುಹೋಗಿಲ್ಲ. ಒಂದು ಮರ ಬಿದ್ದಾಗ ಅದರ ಜಾಗಕ್ಕೆ ಬರಲು ಇನ್ನೊಂದು ಆಗಲೇ ಅಡಿಯಲ್ಲಿ ಕಾದು ನಿಂತಿತ್ತು. ನೆಲದ ತೇವ ಒಂದು ಬೇಸಿಗೆಯಲ್ಲೂ ಪೂರ್ತಿ ಆರಲಿಲ್ಲ. ಮಣ್ಣಿನೊಳಗಿನ ಬೂಜು, ಬೇರು, ಹುಳು ಯಾವುದೂ ಮೊದಲಿನಿಂದ ಶುರು ಮಾಡಬೇಕಾಗಿ ಬರಲಿಲ್ಲ. ಹೀಗೆ ಎಡೆಬಿಡದೆ ನಡೆದು ಬಂದದ್ದೇ ಈ ಕಾಡಿನ ವಯಸ್ಸು. ಅದಕ್ಕೇ ಒಂದು ಸಲ ಕಡಿದರೆ ಮರ ನೆಟ್ಟು ತರುವಂಥದ್ದಲ್ಲ ಇದು.

ಇದು ಉಳಿದದ್ದು ಹೇಗೆ ಅನ್ನುವುದು ಇಳಿಯುವಾಗ ಕಾಲಿಗೇ ಗೊತ್ತಾಗುತ್ತದೆ. ಮೇಲೆ ಹುಲ್ಲಿನ ಬೇಣ. ಜಂಬಿಟ್ಟಿಗೆಯ ಕೆಂಪು ನೆಲ, ಬಿಸಿಲು, ಬೀಸುವ ಗಾಳಿ. ಅದರ ಕೆಳಗೆ ಸೊಪ್ಪಿನ ಬೆಟ್ಟ. ತಲೆಮಾರುಗಳಿಂದ ತೋಟದ ಸೊಪ್ಪುಗೊಬ್ಬರಕ್ಕೆ ಅಂತ ಕೊಂಬೆ ಕಡಿಸಿಕೊಂಡು ಕುಳ್ಳಗೆ ನಿಂತ ಮರಗಳು. ಅಲ್ಲಿಂದ ಮುಂದೆ ಇಳಿಜಾರು ಚೂಪಾಗುತ್ತದೆ. ನೇಗಿಲು ಹೂಡಲಾಗದು, ಗಾಡಿ ಇಳಿಸಲಾಗದು, ಕಡಿದ ದಿಮ್ಮಿಯನ್ನು ಮೇಲೆ ತರಲಾಗದು. ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು, ಶುರುವಾಗುವುದೇ ಅಲ್ಲಿ. ಅಲ್ಲಿಂದ ಕೆಳಗೆ ಮೈಗೆ ತಾಗುವ ಗಾಳಿಯೇ ಬೇರೆ. ತಂಪು ಅನ್ನುವುದಕ್ಕಿಂತ ತೂಕದ ಗಾಳಿ. ಕನ್ನಡಕದ ಗಾಜು ಮಸುಕಾಗುತ್ತದೆ. ಬಂಡೆಯ ಮೇಲಿನ ಪಾಚಿ ಮುಟ್ಟಿದರೆ ಬೆರಳು ಒದ್ದೆ.

ಈ ತೇವದ ಹಿಂದೆ ಒಂದು ದೊಡ್ಡ ಲೆಕ್ಕ ಇದೆ. ಪಶ್ಚಿಮ ಘಟ್ಟದ ದಕ್ಷಿಣದ ತುದಿಯಲ್ಲಿ ವರ್ಷಕ್ಕೆ ಮೂರು ನಾಲ್ಕು ತಿಂಗಳು ಮಾತ್ರ ಒಣಗಾಲ. ಉತ್ತರಕ್ಕೆ ಬಂದ ಹಾಗೆ ಅದು ಉದ್ದವಾಗುತ್ತದೆ. ಇಲ್ಲಿ ಮಳೆ ಸುರಿಯುವುದೇನೋ ಧೋ ಅಂತ ಸುರಿಯುತ್ತದೆ, ಆದರೆ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಆಮೇಲೆ ವರ್ಷದ ಹೆಚ್ಚುಕಮ್ಮಿ ಅರ್ಧದಷ್ಟು ಕಾಲ ಒಣ. ನಿತ್ಯಹಸಿರು ಮರಗಳಿಗೆ ಇದು ತಡೆಯಲು ಕಷ್ಟ. ಬಯಲಿನಲ್ಲಾಗಿದ್ದರೆ ಎಂದೋ ಸೋಲುತ್ತಿದ್ದವು. ಕೊಳ್ಳದ ಒಳಗೆ ಬಿಸಿಲು ತಡವಾಗಿ ಬಂದು ಬೇಗ ಹೋಗುತ್ತದೆ. ಗಾಳಿ ನೆಲಕ್ಕೆ ಇಳಿಯುವುದಿಲ್ಲ. ಹೊಳೆಯೂ ಅದಕ್ಕೆ ಬಂದು ಸೇರುವ ಹಳ್ಳಗಳೂ ತೇವ ಬಿಡುತ್ತಲೇ ಇರುತ್ತವೆ. ಮಳೆ ಕೊಡದ ತಿಂಗಳುಗಳನ್ನು ಈ ಕಣಿವೆ ತನ್ನ ಆಕಾರದಿಂದಲೇ ತುಂಬಿಕೊಡುತ್ತದೆ. ದಕ್ಷಿಣದ ಕಾಡಿನ ಎಷ್ಟೋ ಗಿಡ ಮರ ಪ್ರಾಣಿಗಳಿಗೆ ಉತ್ತರದ ಗಡಿ ಈ ಆಸುಪಾಸಿನಲ್ಲೇ ಇರುವುದಕ್ಕೆ ಇದೇ ಕಾರಣ.

ಹಿಂದೊಮ್ಮೆ ಇಲ್ಲಿ ದಾರಿ ತೋರಿಸಲು ಬಂದಿದ್ದ ಊರಿನ ಹಿರಿಯರೊಬ್ಬರು ನಾನು ಮರದ ತುದಿ ನೋಡುತ್ತಾ ನಡೆಯುತ್ತಿದ್ದಾಗ ಕೈ ಹಿಡಿದು ನಿಲ್ಲಿಸಿದರು. "ಮೇಲೆ ಆಮೇಲೆ ನೋಡುವಾ. ಮೊದಲು ಕಾಲ ಕೆಳಗೆ ಏನಿದೆ ನೋಡಿ" ಅಂದರು. ಎಡವುತ್ತೇನೆ ಅಂತ ಹೇಳಿದ್ದಲ್ಲ ಅದು. ನೆಲದ ಮೇಲೆ ಹೈಗದ ಕಾಯಿಗಳು ಚೆಲ್ಲಿದ್ದವು. ಸಣ್ಣ ಕಾಯಿ. ಒಂದೊಂದಕ್ಕೂ ಎರಡೆರಡು ಉದ್ದನೆಯ ರೆಕ್ಕೆ. ಅವರು ಒಂದು ಹಿಡಿ ಎತ್ತಿ ಮೇಲಕ್ಕೆ ತೂರಿದರು. ಗಿರಗಿರ ತಿರುಗುತ್ತಾ ಬಂದು ನಮ್ಮ ಸುತ್ತಲೇ ಬಿದ್ದವು. ರೆಕ್ಕೆ ಇದ್ದರೂ ಈ ಬೀಜ ದೂರ ಹೋಗುವುದಿಲ್ಲ. ಕೊಳ್ಳದ ನಿಂತ ಗಾಳಿಯಲ್ಲಂತೂ ತಾಯಿಮರದ ಬುಡದಿಂದ ನಾಲ್ಕು ಮಾರು ದಾಟಿದರೆ ಅದೇ ಹೆಚ್ಚು. ನಮಗೆ ಹೈಗ ಅಂದರೆ ಒಂದು ಗಟ್ಟಿ ಮರ ಅಷ್ಟೇ. ಆದರೆ ಅದರ ವಂಶ ಬಹಳ ಹಿಂದಿನದು. ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ 5 ಕೋಟಿ ವರ್ಷ ಹಳೆಯ ಅಂಬರ್ ಸಿಕ್ಕಿದೆ, ಒಳಗೆ ಆ ಕಾಲದ ಕೀಟಗಳು ಇದ್ದ ಹಾಗೇ ಸಿಕ್ಕಿಕೊಂಡಿವೆ. ಆ ಅಂಬರ್ ಒಂದು ಕಾಲದಲ್ಲಿ ಹೈಗ, ಸಾಲುಧೂಪಗಳ ಕುಟುಂಬದ ಮರಗಳಿಂದ ಸೋರಿದ ಅಂಟು. ಈಗ ಒಣಗಿ ಬಯಲಾಗಿರುವ ಆ ಕಡೆಯಲ್ಲೂ ಒಂದಾನೊಂದು ಕಾಲಕ್ಕೆ ಇಂಥ ಕಾಡು ಇತ್ತು ಅಂತಾಯಿತು. ಇಲ್ಲಿ ಅದೇ ವಂಶದ ಕಾಯಿ ಇನ್ನೂ ಹಸಿಯಾಗಿ ಬೀಳುತ್ತಿದೆ.

ಹೊಳೆ ಮುಟ್ಟಿದ ಮೇಲೆ ನಡಿಗೆ ಬದಲಾಗುತ್ತದೆ. ಬಂಡೆಯಿಂದ ಬಂಡೆಗೆ ದಾಟಬೇಕು. ಮಳೆಗಾಲದಲ್ಲಿ ಈ ಕಡೆ ತಲೆ ಹಾಕುವ ಹಾಗೇ ಇಲ್ಲ. ಮೇಲೆಲ್ಲೋ ಸುರಿದ ಮಳೆ ಇಲ್ಲಿ ಹೇಳದೆ ಕೇಳದೆ ಬಂದುಬಿಡುತ್ತದೆ. ಉಂಬಳದ ಕಾಟ ಬೇರೆ. ನಾನು ಹೋಗುವುದು ಮಳೆ ಪೂರ್ತಿ ಬಿಟ್ಟ ಮೇಲೆ, ಅರಣ್ಯ ಇಲಾಖೆಯನ್ನು ಕೇಳಿಕೊಂಡು, ಊರಿನವರ ಜತೆಗೆ. ಆಗ ನೀರು ಇಳಿದು ಹೊಳೆಯ ತಳ ಹೊರಗೆ ಕಾಣುತ್ತದೆ. ಅಲ್ಲಿ ನನಗೆ ಎಷ್ಟು ನೋಡಿದರೂ ಸಾಲದ ಒಂದು ಸಂಗತಿ ಇದೆ. ಬಂಡೆಯಲ್ಲಿನ ಗುಂಡಿಗಳು.

ಕೆಲವು ಒರಳಿನಷ್ಟು, ಕೆಲವು ಒಬ್ಬರು ಇಳಿದು ನಿಲ್ಲುವಷ್ಟು. ಅಂಚು ಇಷ್ಟು ದುಂಡಗೆ ಬರಲು ಯಾರೋ ಕೂತು ಕಡೆದಿರಬೇಕು ಅನಿಸುತ್ತದೆ. ಕಡೆದದ್ದು ನೀರು ಮತ್ತು ಕಲ್ಲು. ಬಂಡೆಯ ಮೇಲೆ ಸಣ್ಣ ತಗ್ಗು ಇದ್ದರೆ ಸಾಕು, ಪ್ರವಾಹದ ನೀರು ಅಲ್ಲಿ ಸುಳಿ ತಿರುಗುತ್ತದೆ. ಸುಳಿಗೆ ಸಿಕ್ಕ ಬೆಣಚುಕಲ್ಲು ಹೊರಗೆ ಹೋಗಲಾರದೆ ಅಲ್ಲೇ ಸುತ್ತುತ್ತದೆ. ಸುತ್ತಿ ಸುತ್ತಿ ತಗ್ಗನ್ನು ಆಳ ಮಾಡುತ್ತದೆ, ತಾನೂ ಸವೆಯುತ್ತದೆ. ಸವೆದು ಪುಡಿಯಾದರೆ ಮುಂದಿನ ಮಳೆಗಾಲ ಬೇರೆ ಕಲ್ಲು ತಂದು ಹಾಕುತ್ತದೆ. ಒಣಗಾಲದಲ್ಲಿ ಗುಂಡಿಯೊಳಗೆ ಕೈ ಹಾಕಿದರೆ ಆ ಕಲ್ಲುಗಳು ಸಿಗುತ್ತವೆ. ನುಣ್ಣಗೆ, ಮೊಟ್ಟೆಯಾಕಾರ. ಕೆಲಸ ನಿಲ್ಲಿಸಿ ಕೂತಿರುತ್ತವೆ. ನಾನು ಅವನ್ನು ಎತ್ತಿ ನೋಡಿ ಮತ್ತೆ ಅದೇ ಗುಂಡಿಗೆ ಹಾಕುತ್ತೇನೆ. ನೆನಪಿಗೆ ಅಂತ ಜೇಬಿಗೆ ಹಾಕಿಕೊಂಡು ಹೋಗುವವರನ್ನು ನೋಡಿದ್ದೇನೆ. ಬೇಡ ಅಂತ ಹೇಳುತ್ತೇನೆ. ಈ ಕಣಿವೆ ಹೇಗಾಯಿತು ಅನ್ನುವುದಕ್ಕೆ ಕೈಯಲ್ಲಿ ಹಿಡಿಯಬಹುದಾದ ಸಾಕ್ಷಿ ಅದೊಂದೇ, ಅಲ್ವಾ? ಮುಂದಿನ ಜೂನ್‌ನಲ್ಲಿ ಅದಕ್ಕೆ ಕೆಲಸ ಇದೆ.

ಹೊಳೆಯ ಪಕ್ಕದಲ್ಲಿ ಮಾತಾಡುವುದು ಕಷ್ಟ. ನೀರಿನ ಮೊರೆತ ಎಲ್ಲವನ್ನೂ ನುಂಗುತ್ತದೆ. ಆದರೂ ಬೆಳಗಿನ ಹೊತ್ತು ಸಿಳ್ಳಾರ ಹಕ್ಕಿಯ ದನಿ ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಮನುಷ್ಯರೇ ಸುಮ್ನೆ ಸಿಳ್ಳೆ ಹಾಕುತ್ತಾ ಬರುತ್ತಿದ್ದಾರೆ ಅನ್ನುವಂಥ ದನಿ. ನೀರಿನ ಸದ್ದು ಗಡಸು, ತಗ್ಗಿನದು. ಸಿಳ್ಳೆಯದು ಅದರ ಮೇಲೆ ತೇಲುವ ಎತ್ತರದ ಸ್ವರ. ಹೊಳೆ ಪಕ್ಕ ಬದುಕುವ ಹಕ್ಕಿಗೆ ಇಂಥ ದನಿಯೇ ಬೇಕು.

ದೊಡ್ಡ ಹೊಳೆ ಬಿಟ್ಟು ಪಕ್ಕದ ಸಣ್ಣ ಹಳ್ಳ ಹಿಡಿದು ಮೇಲಕ್ಕೆ ಹೋದರೆ ಕೆಲವು ಕಡೆ ನೆಲ ಸಮತಟ್ಟಾಗುತ್ತದೆ. ನೀರು ಹರಿಯುವುದೋ ನಿಂತಿರುವುದೋ ಗೊತ್ತಾಗುವುದಿಲ್ಲ. ಕಾಲಿಟ್ಟರೆ ಕಪ್ಪು ಕೆಸರು. ಅದೇ ರಾಮಪತ್ರೆ ಜಡ್ಡಿ. ಜಾಯಿಕಾಯಿಯ ಕುಟುಂಬದ ಕಾಡುಮರಗಳು ಕೆಸರಿನಲ್ಲೇ ಬುಡ ಊರಿ ನಿಂತಿರುವ ಜಾಗ. ಹೂ ಬಿಡುವ ಗಿಡಮರಗಳಲ್ಲಿ ಬಹಳ ಹಳೆಯ ಗುಂಪಿಗೆ ಸೇರಿದವು ಇವು. ಕೆಸರಿನೊಳಗೆ ಬೇರಿಗೆ ಉಸಿರಾಡಲು ಗಾಳಿ ಸಾಲದು. ಹಾಗಾಗಿ ಕೆಲವು ಮರಗಳ ಬೇರು ನೆಲದಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತದೆ. ಎಲ್ಲಿ ನೋಡಿದರೂ ಇಂಥ ಮಂಡಿಬೇರುಗಳೇ. ಇನ್ನು ಕೆಲವು ಕಾಂಡದಿಂದಲೇ ಊರುಗೋಲು ಬೇರು ಇಳಿಬಿಟ್ಟು ನಿಂತಿರುತ್ತವೆ. ಕಾಲಿಡಲು ಜಾಗ ಹುಡುಕಬೇಕು. ನಾನು ಜಡ್ಡಿಯ ಒಳಗೆ ಹೋಗುವುದಿಲ್ಲ. ಅಂಚಿನಲ್ಲೇ ಒಂದು ಬಂಡೆ ನೋಡಿ ಕೂರುತ್ತೇನೆ. ಒಳಗೆ ಎಳೆ ಸಸಿಗಳು ಬಹಳ. ತುಳಿದರೆ ಹೋಯಿತು.

ಇವುಗಳ ಹಣ್ಣು ಬಿರಿದಾಗ ಒಳಗೆ ಬೀಜಕ್ಕೆ ಸುತ್ತಿಕೊಂಡ ಕಡುಕೆಂಪು ಪತ್ರೆ. ಅಷ್ಟು ಹಸಿರಿನ ನಡುವೆ ಆ ಕೆಂಪು ಎಷ್ಟು ದೂರಕ್ಕೂ ಕಾಣುತ್ತದೆ. ಕಾಣಲಿ ಅಂತಲೇ ಇರುವುದು ಅದು. ಮಂಗಟ್ಟೆ, ಕಾಡುಪಾರಿವಾಳಗಳು ಬಂದು ನುಂಗಿ, ಪತ್ರೆ ಅರಗಿಸಿಕೊಂಡು ಬೀಜ ಬೇರೆಲ್ಲೋ ಉಗುಳುತ್ತವೆ. ಬೀಜ ದಪ್ಪ, ಆದರೆ ಒಣಗಲು ಬಿಟ್ಟರೆ ಸಾಯುತ್ತದೆ. ಡಬ್ಬಿಯಲ್ಲಿ ಕೂಡಿಟ್ಟು ಮುಂದಿನ ವರ್ಷ ಬಿತ್ತುತ್ತೇನೆ ಅಂದರೆ ಆಗದು. ಬಿದ್ದ ಜಾಗದಲ್ಲಿ ತೇವ ಇರಬೇಕು, ನೆರಳಿರಬೇಕು, ಬೇಗ ಮೊಳೆಯಬೇಕು. ನೆರಳೇ ಈ ಕಾಡಿನ ವಯಸ್ಸು ಅಂದೆನಲ್ಲ, ಅದನ್ನು ಇದಕ್ಕಿಂತ ಹತ್ತಿರದಿಂದ ತೋರಿಸುವುದು ಬೇರೊಂದಿಲ್ಲ. ಒಂದೇ ಒಂದು ಬೇಸಿಗೆ ಬಿಸಿಲು ನೆಲಕ್ಕೆ ಬಿದ್ದರೆ ಆ ವರ್ಷದ ಬೀಜವೆಲ್ಲ ಹೋದ ಹಾಗೆ.

ನೀರಿರುವ ಸಮತಟ್ಟು ಜಾಗ ಅಂದರೆ ಗದ್ದೆಗೂ ಅಡಿಕೆ ತೋಟಕ್ಕೂ ಹೇಳಿ ಮಾಡಿಸಿದ್ದು. ಹಿಂದಿನಿಂದಲೂ ಎಷ್ಟೋ ಜಡ್ಡಿಗಳು ಹಾಗೆಯೇ ಗದ್ದೆಯಾದವು, ತೋಟವಾದವು. ಹೊಟ್ಟೆಪಾಡಿಗೆ ನೆಲ ಹುಡುಕಿದವರನ್ನು ದೂರಲು ನನಗೆ ಮನಸ್ಸಿಲ್ಲ. ಅದೇ ಜನ ಎಷ್ಟೋ ಕಡೆ ಜಡ್ಡಿಯನ್ನೂ ಕಾನನ್ನೂ ದೇವರ ಹೆಸರಿನಲ್ಲಿ ಕೊಡಲಿ ತಾಗದಂತೆ ಬಿಟ್ಟವರು. ಉಳಿದಿರುವುದರಲ್ಲಿ ಎಷ್ಟೋ ಪಾಲು ಅವರು ಬಿಟ್ಟದ್ದರಿಂದಲೇ ಉಳಿದಿದೆ. ಬೇಸಿಗೆಯಲ್ಲಿ ಕೆಳಗಿನ ತೋಟಕ್ಕೆ ಹರಿದು ಬರುವ ನೀರು ಮೇಲಿನ ಜಡ್ಡಿಯದು ಅಂತ ಅವರಿಗೆ ಯಾರೂ ಪಾಠ ಮಾಡಬೇಕಿರಲಿಲ್ಲ.

ಸಿಂಗಳೀಕ ಕಾಣುತ್ತದೋ ಇಲ್ಲವೋ ಅನ್ನುವುದು ಆ ದಿನದ ಅದೃಷ್ಟ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಕಾಡಿನಲ್ಲಿ ಈ ಕೋತಿ ಇಲ್ಲ. ಅದರ ಉತ್ತರದ ಗಡಿಯೂ ಈ ಶಿರಸಿ–ಸಿದ್ದಾಪುರ–ಹೊನ್ನಾವರ ಘಟ್ಟಗಳೇ. ಕಪ್ಪು ಮೈ, ಮುಖದ ಸುತ್ತ ಬೂದು ಬಿಳಿ ಕೇಸರ, ಬಾಲದ ತುದಿಗೆ ಕುಚ್ಚು. ನೆಲಕ್ಕೆ ಇಳಿಯುವುದು ಅಪರೂಪ. ಮೊದಲು ಕೊಂಬೆ ಅಲ್ಲಾಡುವುದು ಕಾಣುತ್ತದೆ, ಆಮೇಲೆ ಸಿಪ್ಪೆ, ಬೀಜ ಕೆಳಗೆ ಬೀಳುತ್ತವೆ. ಅಲ್ಲಾಡದೆ ನಿಂತರೆ ಒಂದೊಂದೇ ಮುಖ ಎಲೆಗಳ ನಡುವಿನಿಂದ ಹೊರಗೆ ಬರುತ್ತದೆ. ಅವು ನಮ್ಮನ್ನು ನೋಡುವ ರೀತಿ ರಸ್ತೆ ಬದಿಯ ಮಂಗಗಳದ್ದಲ್ಲ. ಕೈಯಲ್ಲಿ ಏನಿದೆ ಅಂತ ನೋಡುವುದಿಲ್ಲ. ಒಂದು ಗಳಿಗೆ ನೋಡಿ, ತಮ್ಮ ಪಾಡಿಗೆ ಮುಂದಿನ ಮರಕ್ಕೆ ಹೋಗುತ್ತವೆ. ದಯವಿಟ್ಟು ಯಾರೂ ಅವಕ್ಕೆ ತಿನ್ನಲು ಕೊಟ್ಟು ಆ ನೋಟ ಕೆಡಿಸಬೇಡಿ.

ಅವಕ್ಕೆ ಬೇಕಿರುವುದು ಮರದಿಂದ ಮರಕ್ಕೆ ತಪ್ಪದ ದಾರಿ. ನಡುವೆ ಒಂದು ಅಗಲ ರಸ್ತೆ, ಒಂದು ವಿದ್ಯುತ್ ಲೈನಿನ ಬೋಳು ಪಟ್ಟಿ ಬಂದರೆ ಗುಂಪು ಆಚೆ ಈಚೆ ಆಗುತ್ತದೆ. ವರ್ಷವಿಡೀ ಒಂದಲ್ಲ ಒಂದು ಹಣ್ಣೂ ಸಿಗಬೇಕು. ಮಳೆಗಾಲದಲ್ಲಿ ಉಪ್ಪಾಗೆ ಹಣ್ಣಿಗೆ ಅವು ಮುಗಿಬೀಳುತ್ತವೆ. ಅದೇ ಹಣ್ಣಿನ ಸಿಪ್ಪೆಗೆ ಪೇಟೆಯಲ್ಲಿ ಬೆಲೆ ಇರುವುದರಿಂದ ಊರವರೂ ಅದೇ ಮರದ ಬುಡಕ್ಕೆ ಹೋಗುತ್ತಾರೆ. ಕೊಂಬೆ ಕಡಿಯದೆ, ಕಾಯಿ ಹಣ್ಣಾಗುವವರೆಗೆ ಕಾದು, ಬಿದ್ದದ್ದನ್ನು ಆರಿಸಿಕೊಂಡರೆ ಇಬ್ಬರಿಗೂ ಸಾಕಾಗುತ್ತದೆ. ಕಾದು ಆರಿಸುವ ಮನೆಗಳನ್ನು ನೋಡಿದ್ದೇನೆ. ಅವರ ಬಗ್ಗೆ ನನಗೆ ತುಂಬಾ ಗೌರವ.

ಈ ಸೀಮೆಗೆ ಕಾಡಿಗಾಗಿ ಎದ್ದು ನಿಂತ ಇತಿಹಾಸವೂ ಇದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಕಳಸೆ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ತಬ್ಬಿ ನಿಂತರು. ಅದೇ ಅಪ್ಪಿಕೋ ಚಳವಳಿ. 2011ರಲ್ಲಿ ಸರ್ಕಾರ ಈ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. 2019ರಲ್ಲಿ ಅದು ಶರಾವತಿ ಅಭಯಾರಣ್ಯದ ಜತೆ ಸೇರಿತು. ಕೆಳಗೆ ಹೊಳೆ ಕಡಲು ಸೇರುವ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮನ್ನಣೆ, ಸಿಕ್ಕಿತು. ಮೇಲಿನ ಕಾಡಿಗೂ ಕೆಳಗಿನ ಅಳಿವೆಗೂ ನಡುವೆ ತಡೆಯಿಲ್ಲದೆ ಹರಿಯುವ ಇದೊಂದು ಹೊಳೆ. ಕಾಗದದ ಮೇಲೆ ಎರಡು ಹೆಸರು ಇರಬಹುದು, ನೀರು ಒಂದೇ. ನಡುವೆ ಎಲ್ಲೂ ಇದನ್ನು ನಿಲ್ಲಿಸಬಾರದು, ಬೇರೆ ಕಡೆಗೆ ತಿರುಗಿಸಲೂಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ. ಕಣಿವೆಯೊಳಗೆ ನಡೆದ ಯಾರಿಗಾದರೂ ಇದನ್ನು ವಾದ ಮಾಡಿ ಒಪ್ಪಿಸಬೇಕಾಗಿ ಬರುತ್ತದೆ ಅಂತ ನನಗೆ ಅನಿಸುವುದಿಲ್ಲ.

ಏರುವಾಗ ಮಾತು ಕಡಿಮೆ. ಉಸಿರಿಗೇ ಕೆಲಸ ಸಾಕಷ್ಟು. ಮೇಲಂಚಿನಲ್ಲಿ ದಾರಿ ಒಂದು ಅಕೇಶಿಯಾ ನೆಡುತೋಪು ದಾಟುತ್ತದೆ. ಸಾಲು ಸಾಲು ಒಂದೇ ಮರ, ನೆಲದ ತುಂಬಾ ಒಣ ಎಲೆ, ಹಕ್ಕಿ ಸದ್ದು ಇಲ್ಲ. ಹಿಂದೆಲ್ಲ ಇದನ್ನು ಬೇಗ ದಾಟಿಬಿಡುತ್ತಿದ್ದೆ. ಈಚೆಗೆ ಕಾನಿನ ಕಡೆಯ ಅಂಚಿನಲ್ಲಿ ಕೂತು ನೋಡುತ್ತೇನೆ. ಮೊದಲ ಮೂರು ನಾಲ್ಕು ಸಾಲಿನ ಅಡಿಯಲ್ಲಿ ಮೊಣಕಾಲೆತ್ತರದ ಹೈಗದ ಸಸಿಗಳು ಎದ್ದಿವೆ. ಯಾರೂ ನೆಟ್ಟದ್ದಲ್ಲ. ಅದರಾಚೆಗಿನ ಸಾಲುಗಳಲ್ಲಿ ಒಂದೂ ಇಲ್ಲ. ರೆಕ್ಕೆಯ ಬೀಜ ಬಂದು ಮುಟ್ಟಿದ್ದು ಅಲ್ಲಿಯವರೆಗೆ ಮಾತ್ರ. ಈ ಸಸಿಗಳು ಮರವಾಗಿ ಕಾಯಿ ಬಿಟ್ಟ ಮೇಲೆ ಇನ್ನು ಮೂರು ನಾಲ್ಕು ಸಾಲು ಮುಂದಕ್ಕೆ ಹೋಗಬಹುದು. ಅಷ್ಟರೊಳಗೆ ನೆಡುತೋಪಿನ ಕಟಾವಿನ ಸರದಿ ಬಂದರೆ, ಕಡಿಯುವವರು ಕಾನಿನ ಕಡೆಯ ಈ ಸಾಲುಗಳನ್ನಾದರೂ ಹಾಗೇ ಬಿಡಲಿ ಅಂತ ಇಲಾಖೆಗೆ ಒಂದು ಅರ್ಜಿ ಬರೆಯುತ್ತಿದ್ದೇನೆ. ಊರವರೂ ಸಹಿ ಹಾಕುತ್ತೇವೆ ಅಂದಿದ್ದಾರೆ.